ನೈದಿಲೆಗೆ ಚಳಿಗಾಲ ಯಾವುದು?

ಉಷ್ಣವಲಯದ ನೀರುಗಿಡಗಳ ಬಗ್ಗೆ ಇಂಗ್ಲಿಷಿನ ಕೈಪಿಡಿಗಳನ್ನು ತೆರೆದರೆ, ಕೊನೆಯ ಪುಟದ ಹೊತ್ತಿಗೆ ಹಿಮ ಬೀಳಲು ಶುರುವಾಗಿರುತ್ತದೆ. ನೀರು ಹೆಪ್ಪುಗಟ್ಟುವ ಮೊದಲೇ ನೈದಿಲೆಯ ಗೆಡ್ಡೆ ಎತ್ತಿ, ತೊಳೆದು, ಒದ್ದೆ ಮರಳಿನಲ್ಲಿ ಹೂತು, 13 ಡಿಗ್ರಿ ಆಸುಪಾಸಿನ ನೆಲಮಾಳಿಗೆಯಲ್ಲಿಡಿ. ಅಷ್ಟು ತಾಪತ್ರಯ ಬೇಡವೆಂದರೆ ಗಿಡ ಎಸೆದುಬಿಡಿ, ಬರುವ ಬೇಸಿಗೆಗೆ ಹೊಸದು ತಂದರಾಯಿತು. ತೇಲುವ ಗಿಡಗಳಿಗಂತೂ ಒಂದೇ ಸಾಲು: ಚಳಿಗೆ ತಾವಾಗಿಯೇ ಸಾಯುತ್ತವೆ. ದಾವಣಗೆರೆಯ ತಾರಸಿಯ ಮೇಲೆ, ಏಪ್ರಿಲ್ ಮಧ್ಯಾಹ್ನ, ಹಸಿರು ಗಂಜಿಯಂತಾದ ಟಬ್ಬಿನ ಮುಂದೆ ನಿಂತವರಿಗೆ ಇದರಿಂದ ಏನು ಉಪಯೋಗ?

ಆ ಕೈಪಿಡಿಗಳ ತಪ್ಪೇನಿಲ್ಲ. ಅಮೆಜಾನಿನ ದೈತ್ಯ ನೈದಿಲೆ ವಿಕ್ಟೋರಿಯಾ ಇಂಗ್ಲೆಂಡಿನಲ್ಲಿ ಮೊದಲು ಅರಳಿದ್ದು 1849ರ ನವೆಂಬರಿನಲ್ಲಿ, ಚಾಟ್ಸ್‌ವರ್ತ್ ಎಸ್ಟೇಟಿನಲ್ಲಿ. ಅದಕ್ಕಾಗಿ ಅಲ್ಲಿನ ಮುಖ್ಯ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್ ಗಾಜಿನ ಮನೆಯೊಳಗೆ ತೊಟ್ಟಿ ಕಟ್ಟಿಸಿ, ನೀರು ಕಾಯಿಸಿ, ಅದು ಸದಾ ಕದಲುತ್ತಿರಲೆಂದು ಪುಟ್ಟ ಚಕ್ರ ತಿರುಗಿಸುತ್ತಿದ್ದ. ಉಷ್ಣವಲಯದ ಕೊಳಗಾರಿಕೆಯ ಇಂಗ್ಲಿಷ್ ಪಾಠವೆಲ್ಲ ಹುಟ್ಟಿದ್ದು ಆ ಬಗೆಯ ಬೆಚ್ಚಗಿನ ಮನೆಗಳಲ್ಲಿ. ಅವರಿಗೆ ಗಿಡ ಉಳಿದೀತೇ ಎಂಬ ಭಯ. ನಮ್ಮಲ್ಲಿ ಅದೇ ಗಿಡಕ್ಕೆ ಬಿಸಿಲು, ಬೆಚ್ಚನೆಯ ನೀರು ಎರಡೂ ಪುಕ್ಕಟೆ. ಹಾಗಾಗಿ ಕೈಕೊಡುವ ಜಾಗಗಳೂ ಬೇರೆ: ಗೊಬ್ಬರ ಜಾಸ್ತಿಯಾಗಿ ಗೆಡ್ಡೆ ಕೊಳೆಯುತ್ತದೆ, ಪಾಚಿ ಜಾಸ್ತಿಯಾಗಿ ನೀರು ಕುರುಡಾಗುತ್ತದೆ, ತೇಲುವ ಗಿಡ ಜಾಸ್ತಿಯಾಗಿ ಕೊಳವೇ ಮುಚ್ಚಿಹೋಗುತ್ತದೆ. ಸಣ್ಣ ಕೊಳ ಇಟ್ಟುಕೊಂಡವರು ವರ್ಷದಲ್ಲಿ ಹತ್ತು ತಿಂಗಳು ಮಾಡುವ ಕೆಲಸ ಕೀಳುವುದು, ಕತ್ತರಿಸುವುದು, ಕಡಿಮೆ ಮಾಡುವುದು.

ಮೊದಲು ಕೆಸರಿನ ಮಾತು

ಕೊಳ ಅಂದರೆ ನೀರು ಎಂದುಕೊಂಡು ಶುರುಮಾಡುವವರೇ ಹೆಚ್ಚು. ಗಿಡದ ಮಟ್ಟಿಗೆ ಕೊಳ ಅಂದರೆ ಕೆಸರು. ಕುಂಡದ ಗಿಡ ಬೆಳೆಸಿ ರೂಢಿಯಾದವರು ಇಲ್ಲೇ ಎಡವುತ್ತಾರೆ. ಕೋಕೋಪೀಟ್, ಎರೆಹುಳು ಗೊಬ್ಬರ, ಕೊಟ್ಟಿಗೆ ಗೊಬ್ಬರ ಸಮಸಮ ಬೆರೆಸಿ ಟಬ್ಬಿಗೆ ಸುರಿಯುತ್ತಾರೆ. ಕೋಕೋಪೀಟ್ ಅರ್ಧ ಗಂಟೆಯಲ್ಲಿ ಮೇಲೆ ತೇಲುತ್ತದೆ. ಉಳಿದದ್ದು ಮೂರನೇ ವಾರ ತನ್ನ ಗುಣ ತೋರಿಸುತ್ತದೆ.

ಅಂಥ ಟಬ್ಬೊಂದನ್ನು ಮಗುಚಿ ನೋಡಬೇಕು. ಮೇಲಿನ ಅರ್ಧ ಅಂಗುಲ ಕಂದು ಬಣ್ಣ, ಅದರ ಕೆಳಗೆಲ್ಲ ಡಾಂಬರಿನಂಥ ಕಪ್ಪು. ಕೋಲು ಚುಚ್ಚಿದರೆ ಗುಳ್ಳೆ ಏಳುತ್ತದೆ, ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಹೊಡೆಯುತ್ತದೆ. ನಡುವಿನಲ್ಲಿ ಗೆಡ್ಡೆ ಇರುತ್ತದೆ, ಸಿಪ್ಪೆಯ ಆಕಾರ ಮಾತ್ರ ಗಟ್ಟಿ. ಬೆರಳಿನಿಂದ ಒತ್ತಿದರೆ ಒಳಗಿನದು ಅಂಬಲಿಯಂತೆ ಹೊರಬರುತ್ತದೆ. ಮುಳುಗಿದ ಮಣ್ಣಿನಲ್ಲಿ ಇರುವ ಅಲ್ಪಸ್ವಲ್ಪ ಆಮ್ಲಜನಕವನ್ನು ಹಸಿ ಗೊಬ್ಬರ ತಿನ್ನುವ ಸೂಕ್ಷ್ಮಜೀವಿಗಳು ಕೆಲವೇ ದಿನಗಳಲ್ಲಿ ಮುಗಿಸುತ್ತವೆ. ಆಮೇಲೆ ಅಲ್ಲಿ ಗಾಳಿ ಬೇಡದ ಜೀವಿಗಳ ಕಾರುಬಾರು, ಆ ವಾಸನೆ ಅವುಗಳದೇ. ನೈದಿಲೆ, ತಾವರೆಗಳು ಇಂಥ ಕೆಸರಿನಲ್ಲಿ ಬದುಕುವುದು ಎಲೆಯಿಂದ ಬೇರಿಗೆ ಗಾಳಿ ಇಳಿಸುವ ಕೊಳವೆಗಳಿಂದ. ತಾವರೆ ದಂಟನ್ನು ಅಡ್ಡ ಕತ್ತರಿಸಿದಾಗ ಕಾಣುವ ತೂತುಗಳು ಅವೇ. ಈಗಷ್ಟೇ ನೆಟ್ಟ ಗೆಡ್ಡೆಗೆ ನೀರಿನ ಮೇಲೆ ಎಲೆಯೇ ಇಲ್ಲ, ಗಾಳಿ ಎಲ್ಲಿಂದ ಬಂದೀತು? ಆದ್ದರಿಂದಲೇ ಮೊದಲ ಮೂರು ವಾರ ಎಲ್ಲಕ್ಕಿಂತ ಅಪಾಯದ ಕಾಲ. ಆ ಹೊತ್ತಿನಲ್ಲಿ ಗೊಬ್ಬರ ಹಾಕುವುದು, ನೀರು ಹೆಚ್ಚಿಸುವುದು ಎರಡೂ ತಪ್ಪು.

ಬೇಕಿರುವುದು ಸಪ್ಪೆ ಮಣ್ಣು. ಎರಡು ಪಾಲು ಜೇಡಿ, ಒಂದು ಪಾಲು ಕೆಮ್ಮಣ್ಣು. ಕೆರೆ ಗೋಡು ಸಿಕ್ಕರೆ ಒಳ್ಳೆಯದೇ, ಆದರೆ ಊರ ಕೊಳಚೆ ಸೇರುವ ಕೆರೆಯದ್ದು ಬೇಡ. ಅದರಲ್ಲಿ ಕಳೆಯ ಬೀಜವೂ ಇರುತ್ತದೆ, ಬೇಡದ ಸಾರವೂ ಇರುತ್ತದೆ. ಉತ್ತರ ಕರ್ನಾಟಕದ ಎರೆಮಣ್ಣನ್ನು ಒಂದಕ್ಕೊಂದು ಕೆಮ್ಮಣ್ಣು ಬೆರೆಸಿ ಬಳಸಬಹುದು. ಮಣ್ಣನ್ನು ಉಂಡೆ ಕಟ್ಟಿ ಬಕೆಟ್ ನೀರಿಗೆ ಹಾಕಿ: ಬಿದ್ದ ಕೂಡಲೇ ಚದುರಿದರೆ ಮರಳು ಜಾಸ್ತಿ, ಕಸ ಮೇಲೆ ತೇಲಿದರೆ ಅದನ್ನು ಜಾಲಿಸಿ ತೆಗೆಯಿರಿ. ಚೆನ್ನಾಗಿ ಕಳಿತು ವಾಸನೆ ಹೋದ ತಿಪ್ಪೆಗೊಬ್ಬರ ಇದ್ದರೆ ಕುಂಡದ ತಳಕ್ಕೆ ಒಂದು ಹಿಡಿ, ಅಷ್ಟೇ. ಇಲ್ಲದಿದ್ದರೂ ನಡೆಯುತ್ತದೆ. ಎಲ್ಲಕ್ಕೂ ಮೇಲೆ ಒಂದು ಅಂಗುಲ ತೊಳೆದ ದಪ್ಪ ಮರಳು. ಮರಳಿಲ್ಲದಿದ್ದರೆ ಮೀನು ಕೆದಕಿ ನೀರನ್ನೆಲ್ಲ ಕಾಫಿ ಬಣ್ಣ ಮಾಡುತ್ತದೆ.

ಟಬ್ಬು, ತೂಕ, ತಾರಸಿ

ಎರಡು ಅಡಿ ಅಗಲ, ಒಂದೂವರೆ ಅಡಿ ಎತ್ತರದ ದುಂಡು ಟಬ್ಬು ಒಂದು ನೈದಿಲೆಗೆ ಧಾರಾಳ. ನೈದಿಲೆಯನ್ನು ನೇರ ಟಬ್ಬಿನ ಮಣ್ಣಿಗೆ ನೆಡುವ ಬದಲು 10 ಅಂಗುಲದ ಅಗಲ ಬಾಯಿಯ ಕುಂಡದಲ್ಲಿ ನೆಟ್ಟು ಆ ಕುಂಡವನ್ನು ಟಬ್ಬಿನೊಳಗೆ ಇಳಿಸಿ. ತೂತಿದ್ದರೆ ಹಳೇ ಹತ್ತಿ ಬಟ್ಟೆ ಹಾಸಿ ಮುಚ್ಚಿ. ವರ್ಷಕ್ಕೊಮ್ಮೆ ಎತ್ತಿ ಮರಿ ಬಿಡಿಸುವಾಗ ಇದರ ಸುಖ ಗೊತ್ತಾಗುತ್ತದೆ. ಸಿಮೆಂಟ್ ತೊಟ್ಟಿಯೋ ಬಾವಿ ರಿಂಗೋ ಆದರೆ ಹೊಸದರಲ್ಲಿ ಸುಣ್ಣ ಬಿಡುತ್ತದೆ. ನೀರು ತುಂಬಿ ನಾಲ್ಕೈದು ದಿನಕ್ಕೊಮ್ಮೆ ಚೆಲ್ಲುತ್ತ ಮೂರು ವಾರ ಕಾಯದೆ ಗಿಡವನ್ನೂ ಮೀನನ್ನೂ ಬಿಡಬಾರದು.

ತಾರಸಿಯಲ್ಲಿ ಇಡುವವರು ಒಂದು ಲೆಕ್ಕ ಹಾಕಿಕೊಳ್ಳಬೇಕು. ಮೇಲೆ ಹೇಳಿದ ಟಬ್ಬಿನಲ್ಲಿ ಅರ್ಧ ಅಡಿ ಒದ್ದೆ ಮಣ್ಣು, ಅದರ ಮೇಲೆ 25 ಸೆಂ.ಮೀ. ನೀರು ಇದ್ದರೆ ಒಟ್ಟು ತೂಕ ಸುಮಾರು 140 ಕಿಲೊ. ಅದು ಕೂರುವ ಜಾಗ ಒಂದು ಚದರ ಮೀಟರಿನ ಕಾಲು ಭಾಗಕ್ಕಿಂತ ತುಸು ಹೆಚ್ಚು. ಓಡಾಡುವ ತಾರಸಿಗೆ ನಮ್ಮ ಕಟ್ಟಡ ಮಾನಕಗಳು ಹಿಡಿಯುವ ಹೊರೆ ಚದರ ಮೀಟರಿಗೆ ಸುಮಾರು 150 ಕಿಲೊ. ಒಂದು ಟಬ್ಬಿನಿಂದ ಏನೂ ಆಗುವುದಿಲ್ಲ, ಭಾರ ಸುತ್ತಲಿಗೆ ಹಂಚಿಹೋಗುತ್ತದೆ. ಆದರೆ ಹೂವಿನ ಆಸೆಗೆ ಬಿದ್ದು ಚಾವಣಿಯ ನಟ್ಟನಡುವೆ ಆರೇಳು ಟಬ್ಬು ಸಾಲಾಗಿ ಜೋಡಿಸುವುದುಂಟಲ್ಲ, ಅದು ಬೇಡ. ಕೆಳಗೆ ಗೋಡೆಯೋ ತೊಲೆಯೋ ಇರುವ ಅಂಚಿನ ಗುಂಟ ಇಡಿ.

ಯಾವ ನೈದಿಲೆ?

ನರ್ಸರಿಯಲ್ಲಿ 'ಲಿಲ್ಲಿ' ಅಂತ ಮಾತ್ರ ಹೇಳಿ ಕೊಡುತ್ತಾರೆ. ಗುರುತು ನಾವೇ ಹಿಡಿಯಬೇಕು. ಎಲೆಯ ಅಂಚು ಗರಗಸದ ಹಾಗಿದ್ದು, ಹೂವು ನೀರಿನಿಂದ ಗೇಣು ಮೇಲೆ ನಿಂತಿದ್ದರೆ ಸಾಮಾನ್ಯವಾಗಿ ಉಷ್ಣವಲಯದ್ದು. ಅಂಚು ನುಣುಪಾಗಿ, ಹೂವು ನೀರಿನ ಮೇಲೇ ಕೂತಿದ್ದರೆ ಚಳಿ ದೇಶದ್ದು. ಬುಡ ನೋಡಿದರೆ ಇನ್ನೂ ಖಾತ್ರಿ: ಚಳಿ ದೇಶದ್ದು ಶುಂಠಿಯಂತೆ ಅಡ್ಡ ಓಡುತ್ತದೆ, ನಮ್ಮದು ದುಂಡು ಗೆಡ್ಡೆ. ನೆಡುವ ಕ್ರಮವೂ ಅದಕ್ಕೆ ತಕ್ಕ ಹಾಗೆ. ಶುಂಠಿಯಂಥದ್ದನ್ನು ಕುಂಡದ ಅಂಚಿಗೆ ಆನಿಸಿ, ಮೊಳಕೆಯ ಮೂತಿ ನಡುವಿನ ಕಡೆ ಇರುವಂತೆ. ದುಂಡು ಗೆಡ್ಡೆಯನ್ನು ನಟ್ಟನಡುವೆ, ಎಲೆ ಹೊರಡುವ ಬುಡ ಮಣ್ಣಿನ ಮಟ್ಟಕ್ಕೆ ಸರಿಯಾಗಿ. ಬುಡ ಹೂತರೆ ಕೊಳೆಯುತ್ತದೆ. ನೀಲಿ ಹೂವು ಬೇಕೆಂದರೆ ಸಾಮಾನ್ಯವಾಗಿ ಉಷ್ಣವಲಯದ್ದೇ ಆಗಬೇಕು. ರಾತ್ರಿ ಅರಳಿ ಬೆಳಗಿನ ಹತ್ತು ಹನ್ನೊಂದಕ್ಕೆ ಮುಚ್ಚುವ ಬಿಳಿ, ಕೆಂಪು ಜಾತಿಗಳೂ ಹಾಗೆಯೇ. ಆಫೀಸಿಗೆ ಹೋಗಿಬರುವವರಿಗೆ ಅವೇ ವಾಸಿ, ಹಗಲಿನವು ಒಂಬತ್ತಕ್ಕೆ ಅರಳಿ ಮನೆಗೆ ಬರುವಷ್ಟರಲ್ಲಿ ಮುಚ್ಚಿರುತ್ತವೆ. ದುಬಾರಿ ಮಿಶ್ರತಳಿಗಳ ನಡುವೆ ನಮ್ಮ ಕೆರೆಗಳ ನೀಲಿ ನೈದಿಲೆ, ನಿಂಫಿಯಾ ನೌಚಾಲಿ, ಹೆಚ್ಚಾಗಿ ಮಾರಾಟಕ್ಕೇ ಇರುವುದಿಲ್ಲ. ಶ್ರೀಲಂಕಾ ಅದನ್ನು ರಾಷ್ಟ್ರಪುಷ್ಪ ಮಾಡಿಕೊಂಡಿದೆ. ನಾವು ಥಾಯ್ಲೆಂಡಿನ ತಳಿಗೆ ದುಡ್ಡು ಕೊಡುತ್ತೇವೆ.

ನೆಟ್ಟ ಮೇಲೆ ಬುಡದ ಮೇಲೆ ಮೂರು ಅಂಗುಲ ನೀರು ಸಾಕು. ಎಲೆ ಮೇಲೆ ಬಂದು ಹರಡಿಕೊಂಡ ಹಾಗೆಲ್ಲ ಏರಿಸುತ್ತ ಒಂದು ಅಡಿಯ ತನಕ ಹೋಗಬಹುದು. ಕುಂಡದ ಕೆಳಗೆ ಎರಡು ಇಟ್ಟಿಗೆ ಇಟ್ಟು, ವಾರಕ್ಕೊಂದರಂತೆ ತೆಗೆದರೆ ಅದೇ ಕೆಲಸ ಆಯಿತು. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಇಲ್ಲದ ಜಾಗದಲ್ಲಿ ಎಲೆ ಬರುತ್ತದೆ, ಹೂವು ಬರುವುದಿಲ್ಲ. ಅಲ್ಲಿ ನೈದಿಲೆಯ ಆಸೆ ಬಿಟ್ಟು ಬಜೆ, ಕೆಸು, ನೀರುಬ್ರಾಹ್ಮಿ, ಒಂದೆಲಗ ಇಡಿ. ಅಂಗಡಿಯ ಅಲಂಕಾರದ ಕಪ್ಪು ಕೆಸುವನ್ನು ಪತ್ರೊಡೆಗೆ ಕೊಯ್ಯಲು ಹೋಗಬೇಡಿ; ತಳಿ ಗೊತ್ತಿಲ್ಲದ ಕೆಸು ಗಂಟಲಿಗೆ ಒಳ್ಳೆಯದಲ್ಲ.

ಮೂರು ನಾಲ್ಕು ಎಲೆ ನೀರಿನ ಮೇಲೆ ಹರಡಿಕೊಂಡ ಮೇಲಷ್ಟೇ ಗೊಬ್ಬರ. ಡಿಎಪಿ ಅರ್ಧ ಟೀ ಚಮಚ, ಹಳೇ ಪೇಪರಿನಲ್ಲಿ ಬಿಗಿಯಾಗಿ ಪೊಟ್ಟಣ ಕಟ್ಟಿ, ಬುಡದಿಂದ ಮೂರು ಬೆರಳು ದೂರದಲ್ಲಿ, ಮಣ್ಣಿನೊಳಗೆ ಮಧ್ಯದ ಬೆರಳು ಪೂರ್ತಿ ಇಳಿಯುವಷ್ಟು ಆಳಕ್ಕೆ ಒತ್ತಿ, ತೂತು ಮುಚ್ಚಬೇಕು. ನಾಲ್ಕೈದು ವಾರಕ್ಕೊಮ್ಮೆ, ಹೂ ಬಿಡುವ ಕಾಲದಲ್ಲಿ ಮಾತ್ರ. 19:19:19 ಪುಡಿಯನ್ನು ನೀರಿಗೆ ಎರಚುವವರು ಗೊಬ್ಬರ ಹಾಕುತ್ತಿರುವುದು ಪಾಚಿಗೆ.

ಹಸಿರು ನೀರು

ಹೊಸ ಟಬ್ಬು ಎರಡನೇ ವಾರಕ್ಕೆ ಹಸಿರಾಗುವುದು ಖಂಡಿತ. ಮಣ್ಣಿನಿಂದ ಸಾರ ಬಿಟ್ಟಿದೆ, ಬಿಸಿಲಿದೆ, ನೆರಳು ಮಾಡಲು ಎಲೆ ಇಲ್ಲ. ಗಾಬರಿಯಾಗಿ ನೀರು ಪೂರ್ತಿ ಚೆಲ್ಲಿ ಹೊಸದು ತುಂಬುತ್ತಾರೆ. ಸುರಿಯುವ ರಭಸಕ್ಕೆ ಕೆಸರು ಕದಡಿ ಇನ್ನಷ್ಟು ಸಾರ ಬಿಡುತ್ತದೆ, ಹತ್ತು ದಿನಕ್ಕೆ ಮತ್ತೆ ಅದೇ ಹಸಿರು. ಕೈಕಟ್ಟಿ ಕೂರುವುದೇ ಇದಕ್ಕೆ ಮದ್ದು. ಎಲೆಗಳು ಮೇಲ್ಮೈಯ ಅರ್ಧಕ್ಕಿಂತ ಹೆಚ್ಚು ಮುಚ್ಚಿದಾಗ, ಐದಾರು ವಾರಕ್ಕೆ, ನೀರು ತಾನೇ ತಿಳಿಯಾಗುತ್ತದೆ. ನೂಲಿನಂಥ ಪಾಚಿಯನ್ನು ಒರಟು ಕೋಲಿಗೆ ಶಾವಿಗೆ ಸುತ್ತಿದ ಹಾಗೆ ಸುತ್ತಿ ತೆಗೆಯಬಹುದು. ಮೈಲುತುತ್ತ ಹಾಕುವ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಪಾಚಿಯ ಜೊತೆ ಮೀನು, ಬಸವನಹುಳು ಎಲ್ಲ ಹೋಗುತ್ತವೆ, ತಾಮ್ರ ಕೆಸರಿನಲ್ಲೇ ಉಳಿಯುತ್ತದೆ.

ನಲ್ಲಿ ನೀರಾದರೆ ಒಂದು ದಿನ ಬಕೆಟ್ಟಿನಲ್ಲಿಟ್ಟು ಹಾಕಿದರೆ ಸಾಕು. ಬೋರ್‌ವೆಲ್, ಟ್ಯಾಂಕರ್ ನೀರಿನದೇ ಕಥೆ ಬೇರೆ. ಬೇಸಿಗೆಯಲ್ಲಿ ವಾರಕ್ಕೆ ಒಂದು ಅಂಗುಲಕ್ಕೂ ಹೆಚ್ಚು ನೀರು ಆವಿಯಾಗುತ್ತದೆ. ಹೋಗುವುದು ನೀರು ಮಾತ್ರ, ಗಡಸು ಉಪ್ಪು ಅಲ್ಲೇ ಉಳಿಯುತ್ತದೆ. ಮತ್ತೆ ಅದೇ ಗಡಸು ನೀರು ತುಂಬಿ ತುಂಬಿ, ಮೇ ಹೊತ್ತಿಗೆ ಟಬ್ಬಿನ ಅಂಚಿಗೆ ಬಿಳಿ ಗೆರೆ, ಎಲೆಯ ಅಂಚು ಕಂದು. ತಿಂಗಳಿಗೊಮ್ಮೆ ಕಾಲು ಭಾಗ ನೀರು ತೆಗೆದು ಗಿಡಗಳಿಗೆ ಹಾಕಿ, ಆಮೇಲೆ ಹೊಸದು ತುಂಬಿ. ಒಂದು ಒಳ್ಳೆಯ ಮಳೆ ಬಂದರೆ ಎಲ್ಲ ತೊಳೆದುಹೋಗುತ್ತದೆ. ಆದರೆ ಮಳೆ ತೊಳೆಯುವಾಗ ಇನ್ನೇನೇನನ್ನು ಹೊತ್ತೊಯ್ಯುತ್ತದೆ ಎಂಬುದೇ ಮುಂದಿನ ವಿಷಯ.

ಪುಕ್ಕಟೆ ಸಿಕ್ಕ ಹಿಡಿ ಸೊಪ್ಪು

ಫಲಪುಷ್ಪ ಪ್ರದರ್ಶನದ ಹೊರಗಿನ ಮಳಿಗೆಗಳಲ್ಲಿ ನೈದಿಲೆ ಕೊಂಡವರಿಗೆ ಪ್ಲಾಸ್ಟಿಕ್ ಕವರಿನಲ್ಲಿ ಇನ್ನೊಂದು ಹಿಡಿ ಏನೋ ಹಾಕಿಕೊಡುವುದು ವಾಡಿಕೆ. "ಇದನ್ನೂ ಬಿಡಿ ಮೇಡಮ್, ಬೇಗ ತುಂಬ್ಕೊಳ್ಳುತ್ತೆ, ನೀರು ತಂಪಾಗಿರುತ್ತೆ." ತುಂಬಿಕೊಳ್ಳುತ್ತದೆ ಎಂಬುದು ನಿಜ. ಆ ಹಿಡಿಯಲ್ಲಿ ಅಂತರಗಂಗೆ ಇರಬಹುದು, ನೇರಳೆ ಹೂವಿನ ವಾಟರ್ ಹಯಸಿಂತ್ ಇರಬಹುದು, ಸಾಲ್ವಿನಿಯಾ ಇರಬಹುದು. ಸಾಲ್ವಿನಿಯಾದ ಎಲೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಮೇಲ್ಮೈ ತುಂಬ ಸಣ್ಣ ಸಣ್ಣ ರೋಮ, ಒಂದೊಂದರ ತುದಿಯೂ ಮೊಟ್ಟೆ ಕಡೆಯುವ ಜಾಲರಿ ಸೌಟಿನ ಆಕಾರ. ನೀರಿನೊಳಕ್ಕೆ ಅದುಮಿದರೆ ಒದ್ದೆಯಾಗದೆ ಬೆಳ್ಳಿಯಂತೆ ಹೊಳೆಯುತ್ತ ಮತ್ತೆ ಮೇಲೆ ಬರುತ್ತದೆ. ಬ್ರೆಜಿಲ್ ಮೂಲದ ಈ ಜರೀಗಿಡಕ್ಕೆ ಸಂತಾನಶಕ್ತಿ ಇರುವ ಬೀಜಾಣುವೇ ಇಲ್ಲ. ಅದರ ಅಗತ್ಯವೂ ಬಿದ್ದಿಲ್ಲ, ಮುರಿದ ಒಂದು ತುಂಡು ಸಾಕು. ಬೆಚ್ಚನೆಯ, ಸಾರವುಳ್ಳ ನೀರಿನಲ್ಲಿ ವಾರದೊಳಗೆ ಎರಡರಷ್ಟಾಗುತ್ತದೆ.

ಇದಕ್ಕೆ ಬೆಂಗಳೂರಿನದೇ ಒಂದು ಪ್ರಸಂಗವಿದೆ. 1980ರ ದಶಕದ ಆರಂಭದಲ್ಲಿ ಇಲ್ಲಿನ ಒಂದು ನೈದಿಲೆ ಕೊಳವನ್ನು ಸಾಲ್ವಿನಿಯಾ ಮುಚ್ಚಿಬಿಟ್ಟಿತ್ತು. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೆ. ಪಿ. ಜಯಂತ್, ಆಸ್ಟ್ರೇಲಿಯಾದಿಂದ ತರಿಸಿದ ಸಿರ್ಟೊಬೇಗಸ್ ಎಂಬ ಎರಡು ಮಿಲಿಮೀಟರಿನ ಮೂತಿಹುಳವನ್ನು ಅದರಲ್ಲಿ ಬಿಟ್ಟರು. ಹುಳ ಮೊಗ್ಗು ತಿನ್ನುತ್ತದೆ, ಮರಿ ಕಾಂಡ ಕೊರೆಯುತ್ತದೆ. 11 ತಿಂಗಳಲ್ಲಿ ಸಾಲ್ವಿನಿಯಾ ಕುಸಿಯಿತು, ಕೆಳಗೆ ಉಸಿರು ಕಟ್ಟಿ ಕೂತಿದ್ದ ನೈದಿಲೆ ಮತ್ತೆ ಎಲೆ ಬಿಟ್ಟಿತು. ಆಮೇಲೆ ಅದೇ ಹುಳ ಕೇರಳದ ಹಿನ್ನೀರಿನಲ್ಲೂ ಕೆಲಸಕ್ಕೆ ಬಂತು. ಅಷ್ಟು ವಿದ್ಯೆ, ಅಷ್ಟು ದೂರದ ಹುಳ, ಸುಮಾರು ಒಂದು ವರ್ಷ, ಇಷ್ಟೆಲ್ಲ ಬೇಕಾಗಿದ್ದು ಒಂದು ಕೊಳಕ್ಕೆ.

ಜೂನ್‌ನ ಒಂದು ರಾತ್ರಿಯ ಮಳೆಗೆ ತಾರಸಿಯ ಟಬ್ಬು ತುಂಬಿ ಹರಿಯುತ್ತದೆ. ಮೇಲೆ ತೇಲುವುದೇ ಮೊದಲು ಹೋಗುವುದು. ತಾರಸಿಯ ಪೈಪು, ಬೀದಿಯ ಚರಂಡಿ, ರಾಜಕಾಲುವೆ, ಕೆರೆ. ದಾರಿಯುದ್ದಕ್ಕೂ ಕೊಳಚೆ ನೀರು, ಅಂದರೆ ಗೊಬ್ಬರ. ಚಳಿ ದೇಶದ ಕೈಪಿಡಿ 'ತಾವಾಗಿಯೇ ಸಾಯುತ್ತವೆ' ಎಂದದ್ದು ಇಲ್ಲಿ ಸುಳ್ಳಾಗುತ್ತದೆ. ತೇಲುವ ಗಿಡ ಬೇಡವೇ ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಈಗಾಗಲೇ ಇದ್ದರೆ ತೆಗೆದು ಚರಂಡಿಗೂ ಹಾಕಬೇಡಿ, ಕಸದ ಗಾಡಿಗೂ ಹಸಿಯಾಗಿ ಕೊಡಬೇಡಿ. ಬಿಸಿ ತಾರಸಿಯ ಮೇಲೆ ಹಳೇ ಗೋಣಿಯಲ್ಲಿ ತೆಳ್ಳಗೆ ಹರಡಿ, ಹಪ್ಪಳದಂತೆ ಮುರಿಯುವ ತನಕ ಒಣಗಿಸಿ, ಆಮೇಲೆ ಗೊಬ್ಬರದ ಗುಂಡಿಗೆ ಹಾಕಿ. ಟಬ್ಬಿನ ಅಂಚಿನಿಂದ ಎರಡು ಅಂಗುಲ ಕೆಳಗೆ ಒಂದು ತೂತು ಕೊರೆದು ಸೊಳ್ಳೆ ಜಾಲರಿ ಕಟ್ಟಿದರೆ ಮಳೆ ನೀರು ಹೋಗುತ್ತದೆ, ಮಿಕ್ಕಿದ್ದು ಉಳಿಯುತ್ತದೆ.

ಮೀನಿಗೂ ಇದೇ ಮಾತು. ಸೊಳ್ಳೆಮರಿ ತಿನ್ನಲು ನೂರು ಲೀಟರಿಗೆ ಐದಾರು ಗಪ್ಪಿ ಸಾಕು, ಆದರೆ ಅವೂ ಹೊರದೇಶದವೇ, ಕೆರೆಗೆ ಬಿಡುವಂತಿಲ್ಲ. ಹಣೆಯ ಮೇಲೆ ಬೆಳ್ಳಿಚುಕ್ಕೆ ಹೊತ್ತು ಮೇಲ್ಮೈಯಲ್ಲೇ ಸುಳಿದಾಡುವ ನಮ್ಮ ಹೊಳೆಗಳ ಪುಟ್ಟ ಮೀನು ಸಿಕ್ಕರೆ ಅದೇ ಮೇಲು. ಟಬ್ಬಿನ ಮೇಲೆ ಬಲೆ ಹಾಕಿ, ಅದು ಚೆನ್ನಾಗಿ ಹಾರುತ್ತದೆ. ಇನ್ನು ಡೆಂಗಿ ಸೊಳ್ಳೆ: ಮೀನಿರುವ ಟಬ್ಬಿಗಿಂತ ಅದರ ಪಕ್ಕದಲ್ಲಿ ಮರೆತುಬಿಟ್ಟ ಖಾಲಿ ಕುಂಡದ ತಟ್ಟೆಯಲ್ಲೇ ಅದು ಹೆಚ್ಚು ಸಿಗುತ್ತದೆ.

ತಾವರೆಗೆ ಬೇರೆ ನ್ಯಾಯ

ತಾವರೆ ಎಲೆಗೆ ಸೀಳು ಇಲ್ಲ, ಪೂರ್ತಿ ದುಂಡು. ನೈದಿಲೆಯದಕ್ಕೆ ಕಾಂಡದ ತನಕ ಸೀಳು. ತಾವರೆಗೆ ತೂತಿಲ್ಲದ ದುಂಡು ಪಾತ್ರೆಯೇ ಬೇಕು. ಅದರ ಬಳ್ಳಿ ಗೋಡೆಗುಂಟ ಸುತ್ತುತ್ತ ಓಡುತ್ತದೆ. ಚೌಕ ತೊಟ್ಟಿಯ ಮೂಲೆಗೆ ಸಿಕ್ಕಿಕೊಂಡರೆ ತುದಿ ಮುರಿಯುತ್ತದೆ. ಗೆಡ್ಡೆ ನೆಡುವಾಗಲೂ ತುದಿಯ ಮೊಳಕೆ ಮುರಿಯಿತೋ ಆ ಗೆಡ್ಡೆ ಹೆಚ್ಚಾಗಿ ಕೊಳೆತಂತೆಯೇ. ಗ್ರಂದಿಗೆ ಅಂಗಡಿಯಲ್ಲಿ ಜಪಮಾಲೆಗೆಂದು ಮಾರುವ ಕಪ್ಪು ತಾವರೆ ಬೀಜವೂ ಮೊಳೆಯುತ್ತದೆ, ತೂತು ಕೊರೆಯದೆ ಇರುವುದನ್ನು ಆರಿಸಿಕೊಳ್ಳಿ. ಚೂಪು ತುದಿ ಬಿಟ್ಟು, ಸಣ್ಣ ಕುಳಿ ಇರುವ ತುದಿಯನ್ನು ಒರಟು ಸಿಮೆಂಟ್ ನೆಲಕ್ಕೆ, ಒಳಗಿನ ಕೆನೆ ಬಣ್ಣ ಕಾಣುವ ತನಕ ಉಜ್ಜಿ, ಲೋಟದ ನೀರಿಗೆ ಹಾಕಿ ದಿನವೂ ನೀರು ಬದಲಿಸಿದರೆ ವಾರದಲ್ಲಿ ಹಸಿರು ಕೊಕ್ಕೆ ಹೊರಬರುತ್ತದೆ. ಉಜ್ಜದಿದ್ದರೆ ಆ ಸಿಪ್ಪೆ ನೀರನ್ನು ಒಳಗೆ ಬಿಡುವುದೇ ಇಲ್ಲ. ಚೀನಾದ ಒಣಗಿದ ಕೆರೆಯೊಂದರಲ್ಲಿ ಸಿಕ್ಕ ಸುಮಾರು 1,300 ವರ್ಷ ಹಳೆಯ ಬೀಜವನ್ನು ಮೊಳಕೆ ಬರಿಸಿದ್ದಾರೆ. ನೀರಿನ ಮೇಲೆ ತೇಲದೆ ನೆಟ್ಟಗೆ ನಿಂತ ಎಲೆ ಏಳುವ ತನಕ ಗೊಬ್ಬರ ಬೇಡ ಎಂಬ ಮಾತು ಇಲ್ಲಿ ಇನ್ನೂ ಬಿಗಿ.

ಬೆಳಗ್ಗೆ ಒಂಬತ್ತೂವರೆ

ನೀಲಿ ನೈದಿಲೆಯ ಹೂವು ಮೂರು ನಾಲ್ಕು ದಿನ ಅರಳಿ ಮುಚ್ಚುತ್ತದೆ, ಪ್ರತಿದಿನವೂ ಒಂದೇ ಥರ ಅಲ್ಲ. ಮೊದಲ ದಿನ ಬಗ್ಗಿ ನೋಡಿ. ಕೇಸರಗಳೆಲ್ಲ ನೆಟ್ಟಗೆ ನಿಂತು ನಡುವೆ ಬಟ್ಟಲು ಮಾಡಿರುತ್ತವೆ, ಬಟ್ಟಲಲ್ಲಿ ಒಂದೆರಡು ಹನಿ ತಿಳಿ ದ್ರವ. ಬೇರೆ ಹೂವಿನಿಂದ ಪರಾಗ ಮೆತ್ತಿಕೊಂಡು ಬಂದ ಮುಜಂಟಿ ಜೇನು ನುಣುಪಾದ ಕೇಸರದ ಮೇಲೆ ಕಾಲೂರಲಾಗದೆ ಅದರೊಳಗೆ ಜಾರುತ್ತದೆ, ಮೈಯ ಪರಾಗ ತೊಳೆದುಹೋಗುತ್ತದೆ. ಹೂವಿಗೆ ಬೇಕಾದದ್ದೂ ಅದೇ. ಕೆಲವು ಎದ್ದು ಹೋಗುತ್ತವೆ, ಕೆಲವು ಅಲ್ಲೇ ಮುಳುಗಿ ಸತ್ತಿರುತ್ತವೆ. ಎರಡನೇ ದಿನ ದ್ರವ ಇಲ್ಲ, ಕೇಸರಗಳು ಒಳಕ್ಕೆ ಬಾಗಿ ಬಟ್ಟಲಿನ ಬಾಯಿ ಮುಚ್ಚಿ ಪರಾಗ ಹಂಚುತ್ತಿರುತ್ತವೆ. ಹೂವಿನಲ್ಲಿ ಸತ್ತ ನೊಣ, ಜೇನು ಕಂಡು ರೋಗ ಎಂದುಕೊಂಡು ಔಷಧಿ ಹೊಡೆಯುವವರಿದ್ದಾರೆ, ಅದಕ್ಕೇ ಇಷ್ಟು ಹೇಳಿದ್ದು. ನಿಜವಾದ ಉಪದ್ರವ ಎರಡು. ಎಲೆಯ ಮೇಲೆ ಮೆತ್ತಿದ ಕಪ್ಪು ಹೇನು: ಎಲೆಯನ್ನು ನೀರಿನಲ್ಲಿ ಅದುಮಿ ಅಲ್ಲಾಡಿಸಿದರೆ ಮೀನಿಗೆ ಊಟ. ಇನ್ನೊಂದು ಪತಂಗದ ಮರಿಹುಳ: ಎಲೆಯಿಂದ ಮೊಟ್ಟೆಯಾಕಾರದ ತುಂಡು ಕತ್ತರಿಸಿ, ಎರಡರ ನಡುವೆ ಅಡಗಿ ತೇಲುತ್ತಿರುತ್ತದೆ. ಕೈಯಲ್ಲಿ ಹೆಕ್ಕಬೇಕು. ಬೇವಿನೆಣ್ಣೆ ನೀರಿನ ಮೇಲೆ ಪದರ ಕಟ್ಟಿ ಮೀನಿಗೆ ಕಷ್ಟ ಕೊಡುತ್ತದೆ.

ಡಿಸೆಂಬರ್, ಜನವರಿಯಲ್ಲಿ ಬೆಂಗಳೂರು, ಧಾರವಾಡದ ಕಡೆ ಎಲೆ ಸಣ್ಣದಾಗಿ ಹೂವು ನಿಂತರೆ ಗೊಬ್ಬರ ನಿಲ್ಲಿಸಿ, ಹಣ್ಣೆಲೆ ಕತ್ತರಿಸಿ ಸುಮ್ಮನಿರಿ. ಮಂಗಳೂರಿನಲ್ಲಿ ಅದೂ ಕಷ್ಟಪಟ್ಟೇ ಗೊತ್ತಾಗುತ್ತದೆ. ನಮ್ಮ ನೀಲಿ ನೈದಿಲೆಗೆ ಇರುವ ನಿಜವಾದ ಚಳಿಗಾಲ ಬೇಸಿಗೆಯೇ. ಬಯಲುಸೀಮೆಯ ಸಣ್ಣ ಕೆರೆಗಳು ಮಾರ್ಚ್, ಏಪ್ರಿಲ್‌ನಲ್ಲಿ ಬತ್ತಿ ನೆಲ ಬಿರಿದಾಗ, ಅದು ಗೆಡ್ಡೆಯಾಗಿ ಕೆಳಗಿನ ತಂಪಿನಲ್ಲಿ ಮಲಗಿರುತ್ತದೆ. ಹಾಗಾಗಿ ಬೇಸಿಗೆ ರಜೆಗೆ ಊರಿಗೆ ಹೋಗಿ ಬಂದಾಗ ಟಬ್ಬು ಒಣಗಿ ಎಲೆಯೆಲ್ಲ ಸುಟ್ಟಿದ್ದರೆ ಕೂಡಲೇ ಸುರಿದುಬಿಡಬೇಡಿ. ಕುಂಡವನ್ನು ನೆರಳಿಗೆ ಸರಿಸಿ, ಮಣ್ಣು ಪೂರ್ತಿ ಪುಡಿಯಾಗದಂತೆ ವಾರಕ್ಕೊಂದು ಚೊಂಬು ನೀರು ಕೊಟ್ಟು, ಮೊದಲ ಮಳೆಗಳ ತನಕ ಕಾಯಿರಿ. ಆಮೇಲೆ ಮಣ್ಣಿನ ಮೇಲೆ ಮೂರು ಅಂಗುಲ ನೀರು ನಿಲ್ಲಿಸಿದರೆ, ಎರಡು ಮೂರು ವಾರದಲ್ಲಿ ಬಾಣದ ಮೊನೆಯಂಥ ತೆಳು ಎಲೆ ಕಾಣುತ್ತದೆ. ಕೆಂಪು ಛಾಯೆ, ಕೈ ತಾಗಿದರೆ ಹರಿಯುವಷ್ಟು ನಾಜೂಕು. ಅದು ನೀರಿನೊಳಗೇ ಇರುವ ಎಲೆ, ಮೇಲೆ ಬರುವುದಿಲ್ಲ. ಕೊಳೆತದ್ದೆಂದು ಕಿತ್ತು ಹಾಕಬೇಡಿ.